ಮೇಕೆಗಳ ಬೆದೆ ಹೊಂದಿಸುವ ಪ್ರೊಜೆಸ್ಟರಾನ್ ಸ್ಪಂಜು: ಯಾರಿಗೆ ತಕ್ಕದ್ದು, ಯಾರಿಗೆ ಬೇಡ

ಹಿಂಡಿನ ಮೇಕೆಗಳೆಲ್ಲ ಎರಡು ಮೂರು ದಿನಗಳ ಒಳಗೆ ಬೆದೆಗೆ ಬರುವಂತೆ ಮಾಡಲು ಯೋನಿಯೊಳಗೆ ಇಡುವ, ಬೆದೆಯನ್ನು ತಡೆದು ಹಿಡಿಯುವ ಪ್ರೊಜೆಸ್ಟರಾನ್ ಹಾರ್ಮೋನು ಹೀರಿಸಿದ ಸ್ಪಂಜನ್ನು ಶಿರಾ ಸೀಮೆಯ ನಮ್ಮ ಕೊಟ್ಟಿಗೆಯಲ್ಲಿ ಕೆಲವು ವರ್ಷಗಳಿಂದ ಪಶುವೈದ್ಯರ ಉಸ್ತುವಾರಿಯಲ್ಲಿ ಬಳಸುತ್ತಿದ್ದೇವೆ. ಈ ಬರಹ ಆ ಸಾಧನದ ವಿಮರ್ಶೆ. ಮಾರುಕಟ್ಟೆಯಲ್ಲಿ ಸಿಗುವ ಸ್ಪಂಜುಗಳ ರಚನೆಯೂ ಅವು ಕೆಲಸ ಮಾಡುವ ಬಗೆಯೂ ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ, ಒಂದು ಕಂಪನಿಯ ಪೊಟ್ಟಣವನ್ನು ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ನಾನು ಹೋಗಿಲ್ಲ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಸ್ಪಂಜು ನಂಬಬಹುದಾದ ಸಾಧನ; ಆದರೆ ಅದನ್ನು ಹೊರತೆಗೆಯುವಾಗ ವಾಡಿಕೆಯಂತೆ ಕೊಡುವ, ಅಂಡಾಶಯವನ್ನು ಚುರುಕುಗೊಳಿಸುವ ಪಿ.ಎಂ.ಎಸ್.ಜಿ. ಎಂಬ ಹಾರ್ಮೋನಿನ ಚುಚ್ಚುಮದ್ದು ನಮ್ಮ ನಾಡಿನ, ಚೆನ್ನಾಗಿ ಮೇದು ಮೈ ತುಂಬಿಕೊಂಡಿರುವ ಮೇಕೆಗಳಿಗೆ ಪ್ರತಿ ಸಲವೂ ಬೇಕಿಲ್ಲ. ಏಕೆ ಎಂಬುದನ್ನು ತಿಳಿಯಬೇಕಾದರೆ ಮೇಕೆಯ ಬೆದೆಚಕ್ರವನ್ನು ಹಾರ್ಮೋನುಗಳು ಹೇಗೆ ನಡೆಸುತ್ತವೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಬೆದೆಯನ್ನು ಹೊಂದಿಸುವ ಅಗತ್ಯವಾದರೂ ಏನು ಎಂದು ಬಯಲಿನಲ್ಲಿ ಮೇಯಿಸುವ ಹಿರಿಯರು ಕೇಳುತ್ತಾರೆ, ಮತ್ತು ಅವರ ಹಿಂಡಿನ ಮಟ್ಟಿಗೆ ಆ ಪ್ರಶ್ನೆ ನ್ಯಾಯವಾದದ್ದೇ. ಹೋತ ಹಿಂಡಿನ ಜೊತೆಯಲ್ಲೇ ಇದ್ದರೆ ಮೇಕೆ ತನ್ನ ಪಾಡಿಗೆ ತಾನು ಗಬ್ಬವಾಗುತ್ತದೆ. ಆದರೆ ಮರಿಗಳನ್ನು ಲೆಕ್ಕ ಹಾಕಿ ಮಾರುವವರಿಗೆ ಹೊತ್ತು ಮುಖ್ಯ. ಯುಗಾದಿಯ ಮರುದಿನದ ಹೊಸತೊಡಕಿಗೆ ಒಂದೇ ತೂಕದ ಮರಿಗಳ ತಂಡ ಸಿದ್ಧವಿದ್ದರೆ ವ್ಯಾಪಾರಿ ಕೊಟ್ಟಿಗೆಯ ಬಾಗಿಲಿಗೇ ಬರುತ್ತಾನೆ. ಬಕ್ರೀದಿಗೆ ಮಾರುವ ಹೋತಕ್ಕೆ ಒಂದು ವರ್ಷ ತುಂಬಿರಬೇಕು. ಗಬ್ಬದ ಅವಧಿ ಸುಮಾರು 150 ದಿನಗಳಾದ್ದರಿಂದ ಹಬ್ಬಕ್ಕೆ ಕನಿಷ್ಠ 17 ತಿಂಗಳು ಮೊದಲೇ ತಾಯಿಯನ್ನು ಹೋತಕ್ಕೆ ಕೂಡಿಸಿರಬೇಕು, ಮತ್ತು ಹಬ್ಬವು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಈ ಲೆಕ್ಕವನ್ನು ವರ್ಷವರ್ಷವೂ ಹೊಸದಾಗಿ ಹಾಕಬೇಕು. ಇನ್ನೊಂದು ಕಾರಣ ಮಳೆ. ಜನವರಿ, ಫೆಬ್ರವರಿಯಲ್ಲಿ ಗಬ್ಬವಾದ ಮೇಕೆ ಜೂನ್, ಜುಲೈಯಲ್ಲಿ ಈಯುತ್ತದೆ; ಆಗ ಹಟ್ಟಿ ಒದ್ದೆ, ಹವೆ ತಣ್ಣಗೆ, ಎಳೆಮರಿಗಳಿಗೆ ನ್ಯುಮೋನಿಯಾ. ಕೂಡಿಸುವ ತಿಂಗಳನ್ನು ನಾವೇ ಆರಿಸಿಕೊಂಡರೆ ಮರಿಗಳ ಸಾವನ್ನು ಎಷ್ಟೋ ತಗ್ಗಿಸಬಹುದು.

ಮೇಕೆಯ ಬೆದೆಚಕ್ರ ಸರಾಸರಿ 21 ದಿನಗಳದ್ದು, ಕುರಿಯದು 17 ದಿನಗಳದ್ದು. ಕುರಿಗೆ ಹೇಳಿದ ದಿನಗಳ ಲೆಕ್ಕವನ್ನು ಮೇಕೆಗೆ ಹಾಗೆಯೇ ಹಚ್ಚಬಾರದು ಎಂಬುದಕ್ಕೆ ಈ ವ್ಯತ್ಯಾಸವೊಂದೇ ಸಾಕು. ಬೆದೆ ಒಂದರಿಂದ ಎರಡು ದಿನ ಇರುತ್ತದೆ. ಮೇಕೆ ಒಂದೇ ಸಮನೆ ಅರಚುವುದು, ಬಾಲ ಅಲ್ಲಾಡಿಸುವುದು, ಯೋನಿ ಕೆಂಪಾಗಿ ಊದಿಕೊಂಡು ಲೋಳೆ ಸುರಿಯುವುದು, ಹೋತದ ಬಳಿಗೆ ತಾನಾಗಿ ಹೋಗಿ ನಿಲ್ಲುವುದು, ಇವೆಲ್ಲ ಅಂಡಾಶಯದಲ್ಲಿ ಬಲಿಯುತ್ತಿರುವ ಕೋಶಕ, ಅಂದರೆ ಅಂಡವನ್ನು ಹೊತ್ತ ಗುಳ್ಳೆ, ಸುರಿಸುವ ಈಸ್ಟ್ರೋಜನ್ ಹಾರ್ಮೋನಿನ ಕೆಲಸ. ಆ ಕೋಶಕವನ್ನು ಬೆಳೆಸುವುದು ಪಿಟ್ಯುಟರಿ ಗ್ರಂಥಿಯಿಂದ ಬರುವ ಎಫ್.ಎಸ್.ಎಚ್. ಮತ್ತು ಎಲ್.ಎಚ್. ಎಂಬ ಎರಡು ಹಾರ್ಮೋನುಗಳು. ಆ ಗ್ರಂಥಿಗೆ ಅಪ್ಪಣೆ ಕೊಡುವುದು ಮೆದುಳಿನ ಹೈಪೋಥಲಮಸ್ ಬಿಟ್ಟು ಬಿಟ್ಟು ಹೊರಡಿಸುವ ಜಿ.ಎನ್.ಆರ್.ಎಚ್. ಎಂಬ ಹಾರ್ಮೋನು. ಕೋಶಕ ಪೂರ್ತಿ ಬಲಿತು ಈಸ್ಟ್ರೋಜನ್ ಏರಿದಾಗ ಎಲ್.ಎಚ್. ಒಮ್ಮೆಲೇ ಉಕ್ಕಿ, ಕೋಶಕ ಒಡೆದು ಅಂಡ ಬಿಡುಗಡೆಯಾಗುತ್ತದೆ. ಇದು ಬೆದೆ ಶುರುವಾದ 24ರಿಂದ 36 ಗಂಟೆಗಳಿಗೆ, ಅಂದರೆ ಬೆದೆಯ ಕೊನೆಯ ಹೊತ್ತಿಗೆ ನಡೆಯುವುದರಿಂದ, ಬೆದೆ ಕಂಡ ಕೂಡಲೇ ಒಮ್ಮೆ ಕೂಡಿಸಿ ಬಿಟ್ಟುಬಿಡುವುದಕ್ಕಿಂತ 12 ಗಂಟೆಯಾದಾಗ ಒಂದು ಸಲ, 24 ಗಂಟೆಯಾದಾಗ ಇನ್ನೊಂದು ಸಲ ಕೂಡಿಸುವುದು ಮೇಲು.

ಅಂಡ ಹೊರಬಿದ್ದ ಜಾಗದಲ್ಲಿ ಕಾರ್ಪಸ್ ಲೂಟಿಯಂ ಎಂಬ ತಾತ್ಕಾಲಿಕ ಗ್ರಂಥಿ ಹುಟ್ಟುತ್ತದೆ, ಮತ್ತು ಸ್ಪಂಜಿನ ಗುಟ್ಟೆಲ್ಲ ಇರುವುದು ಈ ಗ್ರಂಥಿಯಲ್ಲಿ. ಅದು ಸುರಿಸುವ ಪ್ರೊಜೆಸ್ಟರಾನ್, ಬಿಟ್ಟು ಬಿಟ್ಟು ಹೊಮ್ಮುವ ಎಲ್.ಎಚ್. ಬಡಿತವನ್ನು ಅದುಮಿ ಹಿಡಿಯುತ್ತದೆ. ಅದು ಇರುವವರೆಗೂ ಹೊಸ ಕೋಶಕಗಳು ಅಲೆಯಲೆಯಾಗಿ ಬೆಳೆದರೂ ಒಡೆಯದೆ ಕರಗಿಹೋಗುತ್ತವೆ. ಮೇಕೆ ಗಬ್ಬವಾಗಿದ್ದರೆ ಭ್ರೂಣದ ಸುತ್ತಲಿನ ಪೊರೆ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನನ್ನು ಸ್ರವಿಸಿ ತಾನಿರುವುದನ್ನು ಗರ್ಭಕೋಶಕ್ಕೆ ತಿಳಿಸುತ್ತದೆ. ಆ ಸೂಚನೆ ಬಾರದಿದ್ದರೆ ಚಕ್ರದ 16ನೇ ದಿನದ ಆಸುಪಾಸಿನಲ್ಲಿ ಗರ್ಭಕೋಶ ಪ್ರೊಸ್ಟಗ್ಲಾಂಡಿನ್ ಎಫ್-2-ಆಲ್ಫಾವನ್ನು ಹೊರಡಿಸಿ ಕಾರ್ಪಸ್ ಲೂಟಿಯಂ ಅನ್ನು ಕರಗಿಸುತ್ತದೆ. ಪ್ರೊಜೆಸ್ಟರಾನ್ ಕುಸಿಯುತ್ತದೆ, ಹಿಡಿತ ಸಡಿಲುತ್ತದೆ, ಕೆಲವೇ ದಿನಗಳಲ್ಲಿ ಮೇಕೆ ಮತ್ತೆ ಬೆದೆಗೆ ಬರುತ್ತದೆ.

ಸ್ಪಂಜು ಮಾಡುವುದು ಇದರ ಅನುಕರಣೆಯನ್ನಷ್ಟೇ. ಪಾಲಿಯುರೆಥೇನ್ ಸ್ಪಂಜಿನ ಒಂದು ಸಣ್ಣ ಉರುಳೆಗೆ ಪ್ರೊಜೆಸ್ಟರಾನನ್ನೋ ಅದನ್ನೇ ಹೋಲುವ ಕೃತಕ ಹಾರ್ಮೋನನ್ನೋ ಹೀರಿಸಿ, ಎಳೆದು ತೆಗೆಯಲು ದಾರ ಕಟ್ಟಿರುತ್ತಾರೆ. ಅದು ಒಳಗಿರುವಷ್ಟು ದಿನ ಯಾವ ಮೇಕೆಯೂ ಬೆದೆಗೆ ಬರುವುದಿಲ್ಲ. ಎಲ್ಲವುಗಳಿಂದಲೂ ಒಂದೇ ದಿನ ತೆಗೆದರೆ ಎಲ್ಲವುಗಳ ರಕ್ತದಲ್ಲೂ ಪ್ರೊಜೆಸ್ಟರಾನ್ ಒಟ್ಟಿಗೆ ಕುಸಿಯುತ್ತದೆ. ಸ್ಪಂಜು ಕೆರೆಯ ತೂಬಿನಂಥದ್ದು: ತಡೆದು ನಿಲ್ಲಿಸಿ ಒಮ್ಮೆಗೇ ಬಿಡಬಲ್ಲದು, ನೀರು ಮಾತ್ರ ಕೆರೆಯಲ್ಲಿ ಮೊದಲೇ ಇರಬೇಕು. ಬಡಕಲು ಮೇಕೆಗೆ, ಜಂತುಹುಳು ತುಂಬಿದ ಮೇಕೆಗೆ, ಈದು ಎರಡು ತಿಂಗಳೂ ತುಂಬದ ಬಾಣಂತಿ ಮೇಕೆಗೆ ಸ್ಪಂಜು ಇಟ್ಟು, ಗಬ್ಬ ನಿಲ್ಲಲಿಲ್ಲವೆಂದು ಸ್ಪಂಜನ್ನು ದೂರುವವರನ್ನು ನೋಡಿದ್ದೇನೆ. ದೂರು ಸ್ಪಂಜಿನ ಮೇಲೆ ಹೋಗಬೇಕಾದದ್ದಲ್ಲ.

ಈ ವಿಧಾನವನ್ನು 1960ರ ದಶಕದಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಟಿ. ಜೆ. ರಾಬಿನ್ಸನ್ ಕುರಿಗಳಿಗಾಗಿ ರೂಪಿಸಿದರು. ನಮ್ಮ ದೇಶದಲ್ಲಿ ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯು ಅವಿಕೇಸಿಲ್-ಎಸ್ ಎಂಬ ದೇಶೀ ಸ್ಪಂಜನ್ನು ಸಿದ್ಧಪಡಿಸಿದ್ದು ದೊಡ್ಡ ಉಪಕಾರ; ಆಮದು ಮಾಲಿನ ಬೆಲೆಯಲ್ಲಿ ಸಣ್ಣ ಸಾಕಣೆದಾರ ಈ ದಾರಿಗೆ ಬರುವುದು ಕಷ್ಟವಿತ್ತು.

ಇಡುವ ಕೆಲಸ ಕೌಶಲದ್ದೇನಲ್ಲ, ಶುಚಿತ್ವದ್ದು. ಯೋನಿಯ ಹೊರಭಾಗವನ್ನು ತೊಳೆದು ಒರೆಸಿ, ಕ್ರಿಮಿನಾಶಕ ದ್ರಾವಣದಲ್ಲಿ ಅದ್ದಿದ ಕೊಳವೆಗೆ ಜಾರುವ ಜೆಲ್ ಸವರಿ, ಸ್ವಲ್ಪ ಮೇಲ್ಮುಖವಾಗಿ ಮೆಲ್ಲಗೆ ಒಳಗೆ ಸರಿಸಿ, ಕಡ್ಡಿಯಿಂದ ಸ್ಪಂಜನ್ನು ದೂಡಿ ಕೊಳವೆಯನ್ನು ಹಿಂದಕ್ಕೆ ತೆಗೆದರೆ ಆಯಿತು. ಒಂದು ಮೇಕೆಗೆ ಬಳಸಿದ ಕೊಳವೆಯನ್ನು ಮತ್ತೆ ಅದ್ದದೆ ಇನ್ನೊಂದಕ್ಕೆ ಬಳಸುವುದು ಇಡೀ ಹಿಂಡಿಗೆ ಸೋಂಕು ಹಂಚಿದಂತೆ. ಅವಸರದ ದಿನ ಜನ ತಪ್ಪುವುದು ಇಲ್ಲಿಯೇ. ಕೈಗವಸು ಹಾಕಿಕೊಳ್ಳಲೇಬೇಕು, ಏಕೆಂದರೆ ಹಾರ್ಮೋನ್ ಚರ್ಮದ ಮೂಲಕವೂ ಇಳಿಯುತ್ತದೆ. ಹೊರಗೆ ನೇತಾಡುವ ದಾರವನ್ನು ಗಿಡ್ಡಗೆ ಕತ್ತರಿಸಬೇಕು. ಉದ್ದ ಬಿಟ್ಟರೆ ಪಕ್ಕದ ಮೇಕೆ ಅದನ್ನು ಕಚ್ಚಿ ಎಳೆದುಹಾಕುತ್ತದೆ. ಇನ್ನೂ ಮರಿ ಹಾಕದ ಎಳೆಯ ಮೇಕೆಗಳಿಗೆ ಸ್ಪಂಜು ಇಡಲು ನಾನು ಶಿಫಾರಸು ಮಾಡುವುದಿಲ್ಲ. ಅವುಗಳ ಯೋನಿ ಕಿರಿದು, ಗಾಯವಾಗುವ ಸಂಭವ ಹೆಚ್ಚು, ಸ್ಪಂಜು ಒಳಗೆ ಅಂಟಿಕೊಳ್ಳುವುದೂ ಉಂಟು.

ತೆಗೆಯುವ ದಿನ ಮೊದಲ ಸಲದವರಿಗೆ ಗಾಬರಿಯಾಗುತ್ತದೆ. ಸ್ಪಂಜಿನ ಹಿಂದೆ ಕಟ್ಟಿಕೊಂಡಿದ್ದ ದ್ರವ ದುರ್ವಾಸನೆಯೊಡನೆ ಸುರಿಯುತ್ತದೆ, ಕೆಲವೊಮ್ಮೆ ಸ್ವಲ್ಪ ರಕ್ತದ ಬಣ್ಣವೂ ಇರುತ್ತದೆ. ಸ್ಪಂಜು ಹೀರುವ ವಸ್ತುವಾದ್ದರಿಂದ ಲೋಳೆ ಹೊರಹೋಗದೆ ನಿಂತು, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ಈ ಸಾಧನದ ಸ್ವಭಾವದಲ್ಲೇ ಇರುವ ಕುಂದು. ಸಾಮಾನ್ಯವಾಗಿ ಅದು ಎರಡು ಮೂರು ದಿನಗಳಲ್ಲಿ ತಾನಾಗಿ ಶುದ್ಧವಾಗುತ್ತದೆ. ಜ್ವರ, ಮೇವು ಬಿಡುವುದು ಕಂಡರೆ ಮಾತ್ರ ಚಿಕಿತ್ಸೆ ಬೇಕು. ದಾರವನ್ನು ನೇರವಾಗಿ ಜಗ್ಗದೆ ಕೆಳಮುಖವಾಗಿ ಸಮನಾಗಿ ಎಳೆಯಬೇಕು. ದಾರ ಕಾಣದಿದ್ದರೆ ಬಿದ್ದುಹೋಗಿರಬಹುದು ಎಂದು ಊಹಿಸಿ ಬಿಡಬಾರದು, ವೈದ್ಯರಿಂದ ಒಳಗೆ ನೋಡಿಸಲೇಬೇಕು. ಮರೆತ ಸ್ಪಂಜು ಮೇಕೆಯನ್ನು ಬಂಜೆ ಮಾಡಬಲ್ಲದು.

ನ್ಯೂಜಿಲೆಂಡಿನಲ್ಲಿ ರೂಪುಗೊಂಡ ಸಿಡರ್ ಎಂಬ ಸಾಧನಕ್ಕೆ ಈ ವಾಸನೆಯ ತೊಂದರೆ ಬಹಳ ಕಡಿಮೆ. ಟಿ ಆಕಾರದ ನೈಲಾನ್ ಕಡ್ಡಿಯ ಮೇಲೆ 0.3 ಗ್ರಾಂ ಪ್ರೊಜೆಸ್ಟರಾನ್ ಇರುವ ಸಿಲಿಕೋನ್ ಹೊದಿಕೆ ಅದಕ್ಕಿದೆ. ಅದು ಹೀರುವುದಿಲ್ಲ, ಲೋಳೆ ಸುತ್ತಲೂ ಹರಿದುಹೋಗುತ್ತದೆ. ಶುಚಿತ್ವದಲ್ಲಿ ಅದು ಮೇಲು, ಬೆಲೆಯಲ್ಲಿ ಭಾರ. ಹಾಲಿಗಾಗಿ ಬೆಲೆಬಾಳುವ ಮೇಕೆಗಳನ್ನು ಸಾಕುವವರು ಅದನ್ನು ಆಲೋಚಿಸಬಹುದು. ಮಾಂಸದ ಹಿಂಡಿಗೆ ಸ್ಪಂಜೇ ಸಾಕು.

ಎಷ್ಟು ದಿನ ಒಳಗಿರಬೇಕು ಎಂಬ ಬಗ್ಗೆ ಮಾತ್ರ ಅಂಗಡಿಯವರಲ್ಲೂ ಸಾಕಣೆದಾರರಲ್ಲೂ ಗೊಂದಲ ತುಂಬಿದೆ. ಸ್ಪಂಜು ಇಡುವ ದಿನ ಹಿಂಡಿನ ಒಂದೊಂದು ಮೇಕೆಯೂ ಚಕ್ರದ ಒಂದೊಂದು ಹಂತದಲ್ಲಿರುತ್ತದೆ. ನಿನ್ನೆ ತಾನೇ ಅಂಡ ಬಿಟ್ಟ ಮೇಕೆಯ ಕಾರ್ಪಸ್ ಲೂಟಿಯಂ ತಾನಾಗಿ ಕರಗಲು ಇನ್ನೂ ಎರಡು ವಾರದ ಮೇಲೆ ಬೇಕು. ಸ್ಪಂಜನ್ನು 16, 17 ದಿನ ಇಟ್ಟರೆ ಎಲ್ಲ ಮೇಕೆಗಳ ಸ್ವಂತ ಗ್ರಂಥಿಯೂ ಅಷ್ಟರಲ್ಲಿ ಕರಗಿರುತ್ತದೆ, ಆದ್ದರಿಂದ ಬೇರೆ ಔಷಧಿ ಬೇಕಿಲ್ಲ. ಆದರೆ ದಿನ ಕಳೆದಂತೆ ಸ್ಪಂಜಿನಿಂದ ಬರುವ ಹಾರ್ಮೋನ್ ಇಳಿಯುತ್ತ ಬಂದು, ಕೋಶಕವನ್ನು ಒಡೆಯಲೂ ಬಿಡದೆ ಕರಗಲೂ ಬಿಡದೆ ಹಾಗೆಯೇ ಉಳಿಸುತ್ತದೆ. ಹೀಗೆ ಹಳತಾದ ಕೋಶಕದ ಅಂಡದಿಂದ ಗಬ್ಬ ನಿಲ್ಲುವುದು ಕಡಿಮೆ. ಬೆದೆ ಚೆನ್ನಾಗಿಯೇ ಬಂತು, ಗಬ್ಬ ಮಾತ್ರ ನಿಲ್ಲಲಿಲ್ಲ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಅದಕ್ಕಾಗಿ ಈಗ 9ರಿಂದ 11 ದಿನಗಳ ಗಿಡ್ಡ ಪದ್ಧತಿ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ ಕೆಲವು ಮೇಕೆಗಳ ಸ್ವಂತ ಗ್ರಂಥಿ ಇನ್ನೂ ಉಳಿದಿರುವುದರಿಂದ ಸ್ಪಂಜು ತೆಗೆಯುವ ಎರಡು ದಿನ ಮೊದಲು ಅಥವಾ ತೆಗೆಯುವಾಗ ಪ್ರೊಸ್ಟಗ್ಲಾಂಡಿನ್ ಚುಚ್ಚುಮದ್ದು ಕೊಟ್ಟು ಅದನ್ನು ಕರಗಿಸುತ್ತಾರೆ. ನಮ್ಮಲ್ಲಿ ನೆಲೆ ನಿಂತಿರುವುದು ಈ ಗಿಡ್ಡ ಪದ್ಧತಿಯೇ, ಮತ್ತು ನಾನು ಹೇಳುವುದೂ ಇದನ್ನೇ.

ಇಲ್ಲಿ ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದಂತೆ ಓದಬೇಕು. ಕುರಿಯಲ್ಲಿ ಗಬ್ಬ ಎರಡು ತಿಂಗಳಾಗುವ ಹೊತ್ತಿಗೆ ಮಾಸು ತಾನೇ ಪ್ರೊಜೆಸ್ಟರಾನ್ ಒದಗಿಸತೊಡಗುತ್ತದೆ. ಮೇಕೆಯಲ್ಲಿ ಹಾಗಲ್ಲ, ಈಯುವವರೆಗೂ ಗಬ್ಬ ನಿಂತಿರುವುದು ಕಾರ್ಪಸ್ ಲೂಟಿಯಂ ಒಂದರ ಮೇಲೆಯೇ. ಆದ್ದರಿಂದ ಗಬ್ಬದ ಮೇಕೆಗೆ ಯಾವ ತಿಂಗಳಲ್ಲಿ ಪ್ರೊಸ್ಟಗ್ಲಾಂಡಿನ್ ಕೊಟ್ಟರೂ ಅದು ಗಬ್ಬ ಕಳೆದುಕೊಂಡು ಕಂದು ಹಾಕುತ್ತದೆ. ಹಿಂಡಿನಲ್ಲಿ ಹೋತ ಓಡಾಡಿಕೊಂಡಿದ್ದರೆ, ಸ್ಕ್ಯಾನ್ ಮಾಡಿಸದೆ ಈ ಕೆಲಸಕ್ಕೆ ಕೈ ಹಾಕಬಾರದು. ಇದಲ್ಲದೆ ಬಸುರಿ ಹೆಂಗಸರೂ ಉಬ್ಬಸದವರೂ ಪ್ರೊಸ್ಟಗ್ಲಾಂಡಿನ್ ಸೀಸೆಯನ್ನು ಮುಟ್ಟಲೇಬಾರದು. ಚರ್ಮಕ್ಕೆ ತಾಗಿದರೂ ಅಪಾಯ. ನಮ್ಮ ಕಡೆ ಮೇಕೆ ಹಿಡಿದು ಕೊಡುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ಔಷಧಿ ಕೊಡುವ ಅಂಗಡಿಯಲ್ಲಿ ಈ ಮಾತನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಕನ್ನಡದಲ್ಲಿ ಒಂದು ಚೀಟಿ ಅಂಟಿಸಿದರೂ ಸಾಕು, ಅದು ಅವರ ಕರ್ತವ್ಯ.

ಸ್ಪಂಜಿಲ್ಲದೆ ಬರಿಯ ಪ್ರೊಸ್ಟಗ್ಲಾಂಡಿನ್ನಿನಿಂದಲೂ ಬೆದೆ ಹೊಂದಿಸಬಹುದು. ಚಕ್ರದ ಮೊದಲ ನಾಲ್ಕೈದು ದಿನ ಕಾರ್ಪಸ್ ಲೂಟಿಯಂ ಆ ಔಷಧಿಗೆ ಜಗ್ಗುವುದಿಲ್ಲವಾದ್ದರಿಂದ 10, 11 ದಿನಗಳ ಅಂತರದಲ್ಲಿ ಎರಡು ಚುಚ್ಚುಮದ್ದು ಬೇಕು. ಖರ್ಚು ಕಡಿಮೆ, ಯೋನಿಗೆ ಏನನ್ನೂ ತುರುಕಬೇಕಿಲ್ಲ. ಆದರೆ ಅದು ಕೆಲಸ ಮಾಡುವುದು ಚಕ್ರ ನಡೆಯುತ್ತಿರುವ ಮೇಕೆಗಳಲ್ಲಿ ಮಾತ್ರ. ಕರಗಿಸಲು ಗ್ರಂಥಿಯೇ ಇಲ್ಲದ ಮೇಕೆಗೆ ಅದರಿಂದ ಏನೂ ಆಗದು.

ಈಗ ಪಿ.ಎಂ.ಎಸ್.ಜಿ. ವಿಷಯ. ಇದು ಗಬ್ಬದ ಕುದುರೆಯ ರಕ್ತದಿಂದ ತೆಗೆಯುವ ಹಾರ್ಮೋನ್. ಈಗಿನ ಹೆಸರು ಇ.ಸಿ.ಜಿ. ಎಂದು. ಒಂದೇ ಅಣುವಿನಲ್ಲಿ ಎಫ್.ಎಸ್.ಎಚ್. ಮತ್ತು ಎಲ್.ಎಚ್. ಎರಡರ ಗುಣವೂ ಇದ್ದು ದೇಹದಲ್ಲಿ ಬಹಳ ಹೊತ್ತು ಉಳಿಯುತ್ತದೆ. ಸ್ಪಂಜು ತೆಗೆಯುವಾಗ ಅಥವಾ ಅದಕ್ಕೆ ಎರಡು ದಿನ ಮೊದಲು 200ರಿಂದ 500 ಯೂನಿಟ್‌ಗಳಷ್ಟು ಕೊಡುವುದು ರೂಢಿ. ಇದರಿಂದ ಬೆದೆ ಇನ್ನಷ್ಟು ಬಿಗಿಯಾಗಿ ಒಂದೇ ಹೊತ್ತಿಗೆ ಬರುತ್ತದೆ, ಚಕ್ರವೇ ನಿಂತಿರುವ ಮೇಕೆಯಲ್ಲೂ ಕೋಶಕ ಬೆಳೆಯುತ್ತದೆ. ಬೆದೆ ನೋಡದೆ ಗಂಟೆ ನೋಡಿ ಕೃತಕ ಗರ್ಭಧಾರಣೆ ಮಾಡಿಸುವವರಿಗೆ ಇದನ್ನು ಬಿಡುವುದು ಕಷ್ಟ. ಇಷ್ಟು ಒಳ್ಳೆಯ ಗುಣಗಳಿದ್ದರೂ ನಾನು ಇದರ ಬಗ್ಗೆ ಹಿಂಜರಿಯಲು ಕಾರಣಗಳಿವೆ. ಪ್ರಮಾಣ ಸ್ವಲ್ಪ ಏರಿದರೆ ಮೂರು ನಾಲ್ಕು ಮರಿಗಳು ನಿಂತು, ಹುಟ್ಟುವಾಗ ಪುಟ್ಟದಾಗಿ ಬಡವಾಗಿರುತ್ತವೆ, ತಾಯಿಯ ಎರಡು ಮೊಲೆಗೆ ಸಾಲುವುದಿಲ್ಲ. ಇನ್ನೂ ಮುಖ್ಯವಾಗಿ, ಕುದುರೆಯ ಪ್ರೋಟೀನು ಮೇಕೆಯ ದೇಹಕ್ಕೆ ಹೊರಗಿನದು. ಮತ್ತೆ ಮತ್ತೆ ಕೊಟ್ಟಾಗ ಮೇಕೆ ಅದರ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಳ್ಳುತ್ತದೆ ಎಂಬುದನ್ನು ಫ್ರಾನ್ಸಿನ ಸಂಶೋಧಕರು ಹಾಲಿನ ಮೇಕೆಗಳಲ್ಲಿ ತೋರಿಸಿದ್ದಾರೆ. ಅಂಥ ಮೇಕೆಗಳಲ್ಲಿ ಬೆದೆ ತಡವಾಗುತ್ತದೆ, ಗೊತ್ತುಮಾಡಿದ ಗಂಟೆಗೆ ಮಾಡಿದ ಗರ್ಭಧಾರಣೆ ಹುಸಿಯಾಗುತ್ತದೆ. ಈ ಹಾರ್ಮೋನಿಗಾಗಿ ದಕ್ಷಿಣ ಅಮೆರಿಕದ ಕೆಲವು ದೇಶಗಳಲ್ಲೂ ಐಸ್‌ಲೆಂಡಿನಲ್ಲೂ ಗಬ್ಬದ ಕುದುರೆಗಳಿಂದ ರಕ್ತ ತೆಗೆಯುವ ರೀತಿಯ ಬಗ್ಗೆ ಪ್ರಾಣಿದಯೆಯವರು ಎತ್ತಿರುವ ಆಕ್ಷೇಪವೂ ನನ್ನ ಮನಸ್ಸಿಗೆ ನಾಟಿದೆ.

ಹಾಗಾದರೆ ಅದರ ಜಾಗದಲ್ಲಿ ಏನು? ಹೋತ. ಹೋತವನ್ನು ಸುಮಾರು ಒಂದು ತಿಂಗಳು ಹಿಂಡಿನಿಂದ ದೂರ, ಕಣ್ಣಿಗೆ ಕಾಣದಂತೆ, ವಾಸನೆ ತಾಗದಂತೆ ಇಟ್ಟು ಆಮೇಲೆ ಒಮ್ಮೆಗೇ ಒಳಗೆ ಬಿಟ್ಟರೆ, ಚಕ್ರ ನಿಂತಿದ್ದ ಮೇಕೆಗಳಲ್ಲೂ ಎಲ್.ಎಚ್. ಬಡಿತ ಚುರುಕಾಗಿ ಕೆಲವೇ ದಿನಗಳಲ್ಲಿ ಅಂಡ ಬಿಡುಗಡೆಯಾಗುತ್ತದೆ. ಹಳಬರಿಗೆ ಇದು ಅನುಭವದಿಂದ ಗೊತ್ತಿದ್ದ ಸಂಗತಿ. 2014ರಲ್ಲಿ ಜಪಾನಿನ ಸಂಶೋಧಕರು ಹೋತದ ತಲೆಯ ಕೂದಲಿನ ವಾಸನೆಯಲ್ಲಿ 4-ಈಥೈಲ್ ಆಕ್ಟನಾಲ್ ಎಂಬ ವಸ್ತುವನ್ನು ಗುರುತಿಸಿ, ಅದು ಹೆಣ್ಣು ಮೇಕೆಯ ಮೆದುಳಿನಲ್ಲಿ ಜಿ.ಎನ್.ಆರ್.ಎಚ್. ಬಡಿತವನ್ನು ಎಬ್ಬಿಸುವ ವ್ಯವಸ್ಥೆಯನ್ನೇ ತಟ್ಟುತ್ತದೆ ಎಂದು ತೋರಿಸಿದರು. ಹೋತವನ್ನಷ್ಟೇ ನಂಬಿದರೆ ಒಂದು ತೊಡಕಿದೆ: ಬಹಳ ದಿನ ಪ್ರೊಜೆಸ್ಟರಾನ್ ಕಾಣದಿದ್ದ ಮೇಕೆಯಲ್ಲಿ ಮೊದಲ ಅಂಡ ಬೆದೆಯ ಲಕ್ಷಣವಿಲ್ಲದೆಯೇ ಬಿಡುಗಡೆಯಾಗಬಹುದು, ಅದರಿಂದ ಹುಟ್ಟಿದ ಕಾರ್ಪಸ್ ಲೂಟಿಯಂ ಐದಾರು ದಿನಗಳಲ್ಲೇ ಕುಸಿದುಬೀಳುತ್ತದೆ, ಗಬ್ಬ ನಿಲ್ಲುವ ಬೆದೆ ಆಮೇಲೆ ಬರುತ್ತದೆ. ಸ್ಪಂಜು ಈ ತೊಡಕನ್ನು ನೀಗುತ್ತದೆ, ಏಕೆಂದರೆ ಮೊದಲೇ ಪ್ರೊಜೆಸ್ಟರಾನ್ ಉಣಿಸಿಟ್ಟಿರುತ್ತದೆ. ಸ್ಪಂಜು ತೆಗೆದ ದಿನವೇ ದೂರವಿಟ್ಟಿದ್ದ ಹೋತಗಳನ್ನು ಒಳಗೆ ತರುವುದು, ಇದೇ ನಮ್ಮ ಕೊಟ್ಟಿಗೆಯಲ್ಲಿ ನೆಚ್ಚಿಕೊಂಡಿರುವ ಕ್ರಮ. ಚಳಿದೇಶದ ತಳಿಗಳು ಹಗಲು ಗಿಡ್ಡವಾಗುವ ಕಾಲದಲ್ಲಿ ಮಾತ್ರ ಬೆದೆಗೆ ಬರುತ್ತವೆ; ನಮ್ಮ ನಂದಿದುರ್ಗ, ಬೀದರಿ, ಉಸ್ಮಾನಾಬಾದಿ ತಳಿಗಳಿಗೆ ಆ ಕಟ್ಟಿಲ್ಲ, ಮೇವು ಚೆನ್ನಾಗಿದ್ದರೆ ವರ್ಷವಿಡೀ ಚಕ್ರ ನಡೆಯುತ್ತದೆ. ಬೇರೆ ದೇಶದ ಋತುಬದ್ಧ ಮೇಕೆಗಳಿಗಾಗಿ ಬರೆದ ಪಾಕವನ್ನು ಇವುಗಳಿಗೆ ಪೂರ್ತಿಯಾಗಿ ಹಚ್ಚುವ ಅಗತ್ಯವಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಸ್ಪಂಜು ಕೊಳ್ಳುವ ಮೊದಲು ಹೋತಗಳನ್ನು ಎಣಿಸಿ. ಸಾಮಾನ್ಯ ದಿನಗಳಲ್ಲಿ 25 ಮೇಕೆಗೆ ಒಂದು ಹೋತ ಸಾಕಾದೀತು. ಎಲ್ಲ ಮೇಕೆಗಳೂ ಎರಡು ದಿನಗಳಲ್ಲಿ ಬೆದೆಗೆ ಬಂದರೆ ಐದರಿಂದ ಹತ್ತು ಮೇಕೆಗೆ ಒಂದು ಬೇಕು. ಒಂದೇ ಹೋತ ಇರುವವರು ಇಡೀ ಹಿಂಡಿಗೆ ಸ್ಪಂಜು ಇಟ್ಟರೆ ಹೋತ ಸುಸ್ತಾಗಿ ದುಡ್ಡು ಹಾಳು. ಕೂಡಿಸುವುದಕ್ಕೆ ಎರಡು ಮೂರು ವಾರ ಮೊದಲು ಜಂತುನಾಶಕ ಕೊಟ್ಟು, ದಿನಕ್ಕೆ 200ರಿಂದ 300 ಗ್ರಾಂ ಕಾಳು ಅಥವಾ ಹಿಂಡಿ ಮಿಶ್ರಣವನ್ನು ಹೆಚ್ಚಿಗೆ ತಿನ್ನಿಸಬೇಕು. ಮೈಯಲ್ಲಿ ಶಕ್ತಿ ಏರುತ್ತಿದೆ ಎಂಬ ಸೂಚನೆ ಮೆದುಳಿಗೆ ಹೋದರೆ ಅಂಡಗಳ ಸಂಖ್ಯೆಯೂ ಏರುತ್ತದೆ. ಹೋತಕ್ಕೂ ಇದೇ ಉಪಚಾರ ಬೇಕು.

ಕೂಡಿಸಿದ ಮೇಲೆ 18ನೇ ದಿನದಿಂದ ಮತ್ತೆ ಹೋತವನ್ನು ಹಿಂಡಿನಲ್ಲಿ ಬಿಡುವುದನ್ನು ಮರೆಯಬಾರದು; ಗಬ್ಬ ನಿಲ್ಲದ ಮೇಕೆಗಳು ಎರಡನೆಯ ಸಲವೂ ಹೆಚ್ಚು ಕಡಿಮೆ ಒಟ್ಟಿಗೇ ಬೆದೆಗೆ ಬರುತ್ತವೆ, ಈ ಎರಡನೆಯ ಸುತ್ತು ಸ್ಪಂಜಿನಿಂದ ಬರುವ ಪುಕ್ಕಟೆ ಲಾಭ. ಬೆದೆಗೆ ಬರಲಿಲ್ಲ ಎಂದಮಾತ್ರಕ್ಕೆ ಗಬ್ಬವೆಂದು ನಂಬುವುದೂ ಸರಿಯಲ್ಲ. ಮೇಕೆಗಳಲ್ಲಿ ಹುಸಿಗಬ್ಬ ಉಂಟು: ಕಾರ್ಪಸ್ ಲೂಟಿಯಂ ಕರಗದೆ ಉಳಿದು, ಗರ್ಭಕೋಶದಲ್ಲಿ ಮರಿಯ ಬದಲು ನೀರು ತುಂಬಿಕೊಂಡು ಹೊಟ್ಟೆ ದೊಡ್ಡದಾಗುತ್ತದೆ. 35, 40 ದಿನಗಳಿಗೆ ಹೊಟ್ಟೆಯ ಮೇಲಿಂದ ಮಾಡಿಸುವ ಸ್ಕ್ಯಾನ್ ಎರಡನ್ನೂ ಬೇರೆ ಮಾಡಿ ತೋರಿಸುತ್ತದೆ.

ಒಟ್ಟಿಗೆ ಗಬ್ಬವಾದ ಮೇಕೆಗಳು ಐದು ತಿಂಗಳಿಗೆ ಒಂದೇ ವಾರದೊಳಗೆ ಒಟ್ಟಿಗೇ ಈಯುತ್ತವೆ. ಆ ವಾರ ರಾತ್ರಿಯೂ ಕೊಟ್ಟಿಗೆಯಲ್ಲಿ ಒಬ್ಬರು ಇರಬೇಕು, ತಾಯಿ ಮರಿಯನ್ನು ಗುರುತು ಹಿಡಿಯಲು ಬೇರೆ ಬೇರೆ ಗೂಡುಗಳು ಬೇಕು, ಹೊಕ್ಕುಳಿಗೆ ಅಯೋಡಿನ್ ಬೇಕು, ಪ್ರತಿ ಮರಿಯೂ ಮೊದಲ ಗಂಟೆಗಳಲ್ಲೇ ಗಿಣ್ಣುಹಾಲು ಕುಡಿದದ್ದನ್ನು ಕಣ್ಣಾರೆ ನೋಡಬೇಕು. ಅಷ್ಟು ಜನ ಮನೆಯಲ್ಲಿ ಇಲ್ಲದವರು ಹಿಂಡಿಗೆಲ್ಲ ಒಂದೇ ದಿನ ಸ್ಪಂಜು ಇಡದೆ, ಹದಿನೈದು ದಿನಗಳ ಅಂತರದಲ್ಲಿ ಎರಡು ತಂಡ ಮಾಡಿಕೊಳ್ಳುವುದು ಲೇಸು. ಇರುವ ಹೋತಗಳೂ ಆಗ ಎರಡು ತಂಡಕ್ಕೂ ಸಾಲುತ್ತವೆ.